ಬೇಲಿ ಹೊಲ ಮೇಯ್ದರೆ ಪೈರನ್ನು ಕಿತ್ತುಹಾಕುವುದೆ?

ಮೇಸ್ತ್ರಿಯ ಅಧಿಕಾರವೆಂದರೇನು ಎಂಬುದನ್ನು ಗಿರಣಿಯಲ್ಲಿ ದುಡಿಯುವವನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಾಜರಿ ಪುಸ್ತಕ ಅವನ ಕೈಯಲ್ಲಿ. ಅವನ ಮರ್ಜಿ ಕೆಟ್ಟರೆ ದಿನದ ಕೂಲಿ ಹೋಯಿತು. ಕಾಲೇಜಿನಲ್ಲಿಯೂ ಇಂಥದೇ ಒಂದು ಪುಸ್ತಕವುಂಟು. ಆಂತರಿಕ ಅಂಕ, ಹಾಜರಾತಿ, ಪ್ರಾಯೋಗಿಕ ಪರೀಕ್ಷೆ, ಸಂಶೋಧನೆ ಮಾಡುವವರಿಗೆ ಮಾರ್ಗದರ್ಶಕರ ರುಜು, ಎಲ್ಲವೂ ಅದರಲ್ಲಿ ಸೇರಿವೆ. ಅದನ್ನು ಹಿಡಿದ ಅಧ್ಯಾಪಕರಲ್ಲಿ ಬಹುಮಂದಿ ಸಜ್ಜನರೇ. ಆದರೆ ಒಬ್ಬ ದುರುಳನ ಕೈಗೆ ಅದು ಸಿಕ್ಕಿತೆಂದರೆ ಅವನು ಹುಡುಗಿಯನ್ನು ಗದರಿಸಬೇಕಾಗಿಯೂ ಇಲ್ಲ. “ಸಂಜೆ ಕೊಠಡಿಗೆ ಬಂದು ಕಾಣು” ಎಂದರೆ ಸಾಕು. ಬಡವರ ಮಗಳ ಮೂರು ವರ್ಷದ ಓದು ಅವನ ಲೇಖನಿಯ ಮೊನೆಯಲ್ಲಿ ತೂಗಾಡುತ್ತದೆ.

ಇದನ್ನು ಹುಡುಗಾಟವೆಂದೂ ಸಲಿಗೆಯೆಂದೂ ಕರೆದು ನಗುವವರಿದ್ದಾರೆ. ನಗುವ ವಿಷಯವಲ್ಲ ಇದು. ಅಧಿಕಾರವುಳ್ಳವನು ಅಧಿಕಾರವಿಲ್ಲದವಳಿಂದ ವಸೂಲಿಗೆ ನಿಂತದ್ದಕ್ಕೆ ಶೋಷಣೆಯೆಂದೇ ಹೆಸರು.

2025ರ ಜುಲೈ 12ರಂದು ಒಡಿಶಾದ ಬಾಲಾಸೋರಿನ ಫಕೀರ್ ಮೋಹನ್ ಕಾಲೇಜಿನ ಆವರಣದಲ್ಲಿ, ಮುಂದೆ ಶಿಕ್ಷಕಿಯಾಗಬೇಕೆಂದು ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮೈಗೆ ಬೆಂಕಿ ಹಚ್ಚಿಕೊಂಡಳು. ಎರಡು ದಿನದ ಮೇಲೆ ಭುವನೇಶ್ವರದ ಆಸ್ಪತ್ರೆಯಲ್ಲಿ ತೀರಿಕೊಂಡಳು. ವಿಭಾಗದ ಮುಖ್ಯಸ್ಥ ತನಗೆ ಕಿರುಕುಳ ಕೊಡುತ್ತಿದ್ದಾನೆಂದು ಅದಕ್ಕೆ ಮೊದಲೇ ಅವಳು ಬರೆದು ದೂರು ಕೊಟ್ಟಿದ್ದಳು. ಅದು ಕಾಲೇಜಿನ ಸಮಿತಿಯ ಮುಂದೆಯೂ ಹೋಗಿತ್ತು. ಮುಖ್ಯಸ್ಥನನ್ನೂ ಪ್ರಾಂಶುಪಾಲನನ್ನೂ ಪೋಲೀಸರು ಬಂಧಿಸಿದರು, ನಿಜ. ಯಾವಾಗ? ದೂರಿಗೆ ಏಳದ ಆಡಳಿತ ಬೆಂಕಿಗೆ ಎದ್ದಿತು.

ಕಾನೂನು ಇರಲಿಲ್ಲವೆ? ಇತ್ತು. ಅದು ಯಾರ ಸಂಕಟದಿಂದ ಹುಟ್ಟಿತೆಂಬುದನ್ನು ದುಡಿಯುವ ಜನ ತಿಳಿದಿರಬೇಕು. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಕುಂಬಾರ ಜಾತಿಯ ಹೆಣ್ಣುಮಗಳು, ಸರ್ಕಾರದ ಯೋಜನೆಯೊಂದರ ಬಡ ಕಾರ್ಯಕರ್ತೆ. 1992ರಲ್ಲಿ ಬಾಲ್ಯವಿವಾಹವೊಂದನ್ನು ತಡೆಯಲು ಹೋದಳು. ಅದರ ಸೇಡಿಗಾಗಿ ತನ್ನ ಮೇಲೆ ಸಾಮೂಹಿಕ ಅತ್ಯಾಚಾರವಾಯಿತೆಂದು ದೂರಿತ್ತಳು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಮಹಿಳಾ ಸಂಘಟನೆಗಳು ಸುಮ್ಮನೆ ಕೂರಲಿಲ್ಲ. ಅವರು ಹೂಡಿದ ಮೊಕದ್ದಮೆಯಲ್ಲಿ, ದುಡಿಯುವ ಸ್ಥಳದಲ್ಲಿ ಹೆಂಗಸಿಗೆ ರಕ್ಷಣೆ ಕೊಡಲೇಬೇಕೆಂದು ಸುಪ್ರೀಂ ಕೋರ್ಟು 1997ರ ಆಗಸ್ಟ್ 13ರಂದು ವಿಶಾಖಾ ತೀರ್ಪು ಕೊಟ್ಟಿತು. ಅದನ್ನು ಶಾಸನ ಮಾಡಲು ಪಾರ್ಲಿಮೆಂಟಿಗೆ 2013ರವರೆಗೆ ಹದಿನಾರು ವರ್ಷ ಬೇಕಾಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಕಾಲೇಜುಗಳಿಗೆಂದೇ 2016ರಲ್ಲಿ ನಿಯಮ ಹೊರಡಿಸಿತು. ಇಂದು ಕಾಲೇಜಿಗೆ ಹೋಗುವ ಪ್ರತಿಯೊಬ್ಬ ಹುಡುಗಿಯೂ ಆ ಕುಂಬಾರಗಿತ್ತಿಗೆ ಋಣಿ.

ಆ ನಿಯಮ ಹೇಳುವುದೇನು? ಪ್ರತಿ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ಅಧ್ಯಕ್ಷೆ ಹಿರಿಯ ಮಹಿಳೆಯೇ ಆಗಿರಬೇಕು. ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರಿರಬೇಕು. ಹೊರಗಿನವರು ಒಬ್ಬರಿರಬೇಕು. ವಿಷಯ ವಿದ್ಯಾರ್ಥಿಗಳದಾದರೆ ವಿದ್ಯಾರ್ಥಿಗಳೇ ಚುನಾಯಿಸಿದ ಮೂವರು ಕೂರಬೇಕು. ಕುಲಪತಿ, ಕುಲಸಚಿವ, ವಿಭಾಗದ ಮುಖ್ಯಸ್ಥರಂಥ ಅಧಿಕಾರಿಗಳು ಸದಸ್ಯರಾಗಕೂಡದು. ತೊಂಬತ್ತು ದಿನದಲ್ಲಿ ವಿಚಾರಣೆ ಮುಗಿಯಬೇಕು. ಅಷ್ಟರವರೆಗೆ ಆರೋಪಿಯು ದೂರಿತ್ತವಳ ಉತ್ತರ ಪತ್ರಿಕೆ ತಿದ್ದದಂತೆ ತಡೆಯಬಹುದು. ಸಮಿತಿಯನ್ನೇ ರಚಿಸದವರಿಗೆ 2013ರ ಶಾಸನದಲ್ಲಿ ಐವತ್ತು ಸಾವಿರ ರೂಪಾಯಿಯವರೆಗೆ ದಂಡ.

ಕಾಗದ ಚೆನ್ನಾಗಿದೆ. ಆದರೆ ಧಣಿಯೇ ನೇಮಿಸಿದ ವಿಚಾರಣಾಧಿಕಾರಿ ಧಣಿಯ ಮೇಲಿನ ದೂರು ವಿಚಾರಿಸಿದರೆ ಏನಾಗುತ್ತದೆಂದು ಗಿರಣಿಯವರಿಗೆ ಗೊತ್ತು. ಚುನಾವಣೆಯ ಮಾತು ಬಂದಾಗ ಆಡಳಿತಗಳು ನುಣುಚಿಕೊಳ್ಳುವುದು ಇದಕ್ಕಾಗಿಯೇ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಚುನಾಯಿತ ಪ್ರತಿನಿಧಿಗಳುಳ್ಳ ಸಮಿತಿಯೊಂದು 1999ರಿಂದ ಕೆಲಸ ಮಾಡುತ್ತಿತ್ತು. 2017ರಲ್ಲಿ ಆಡಳಿತ ಅದನ್ನು ರದ್ದುಮಾಡಿ ಬೇರೆ ಸಮಿತಿಯನ್ನು ಕೂರಿಸಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ಪ್ರತಿಭಟಿಸಿದರೂ ಕೇಳಲಿಲ್ಲ.

“ಸುಳ್ಳು ದೂರು ಬಂದರೆ ಒಳ್ಳೆಯವನ ಗತಿಯೇನು?” ಎಂದು ಕೇಳುವವರಿಗೆ ಉತ್ತರವುಂಟು. ಬೇಕೆಂದೇ ಸುಳ್ಳು ಹೇಳಿದರೆ ಶಿಕ್ಷೆಯಿದೆ. ಸಾಕ್ಷ್ಯ ಸಾಲದೆ ದೂರು ಬಿದ್ದುಹೋದ ಮಾತ್ರಕ್ಕೆ ಶಿಕ್ಷೆಯಿಲ್ಲ. ಇಬ್ಬರಿಗೂ ನ್ಯಾಯ ಸಿಗುವುದು ಸರಿಯಾದ ವಿಚಾರಣೆಯಿಂದ. ವಿಚಾರಣೆಯೇ ಬೇಡವೆನ್ನುವವನು ಒಳ್ಳೆಯವನನ್ನು ಕಾಯುತ್ತಿಲ್ಲ, ಕೆಟ್ಟವನನ್ನು ಕಾಯುತ್ತಿದ್ದಾನೆ.

ಇನ್ನು ನಮ್ಮ ಮಾತು. ಕಾರ್ಮಿಕ ಬಂಧುಗಳೇ, ವರ್ತಕ ಮಿತ್ರರೇ, ಕಹಿಯಾದರೂ ಕೇಳಿ. ನಿಮ್ಮ ಮಗಳು ಮನೆಯಲ್ಲಿ ಬಾಯಿ ಬಿಡುವುದಿಲ್ಲವೇಕೆ? ಮೇಷ್ಟರ ಭಯಕ್ಕಿಂತ ಹೆಚ್ಚಾಗಿ ನಿಮ್ಮ ಭಯ ಅವಳಿಗೆ. ಹೇಳಿದ ಮರುದಿನವೇ ನೀವು ಕಾಲೇಜು ಬಿಡಿಸಿ ಗಂಡು ಹುಡುಕಲು ಹೊರಡುತ್ತೀರಿ. ಆ ದುರುಳನಿಗೂ ಇದು ಚೆನ್ನಾಗಿ ಗೊತ್ತು. ನೀವು ಮರ್ಯಾದೆಯೆಂದು ಕರೆಯುವ ಈ ಮೌನವೇ ಅವನ ಬಂಡವಾಳ. ಅಂಗಡಿಗೆ ಕಳ್ಳ ನುಗ್ಗಿದರೆ ಅಂಗಡಿ ಮುಚ್ಚುತ್ತೀರಾ? ಠಾಣೆಗೆ ಹೋಗುತ್ತೀರಿ. ಮೇಸ್ತ್ರಿ ಕೂಲಿ ನುಂಗಿದರೆ ಕೆಲಸ ಬಿಟ್ಟು ಮನೆ ಸೇರುತ್ತೀರಾ? ಸಂಘಕ್ಕೆ ಹೋಗುತ್ತೀರಿ. ಮಗಳ ವಿಷಯದಲ್ಲಿ ಮಾತ್ರ ತಪ್ಪು ಮಾಡಿದವನು ಪೀಠದಲ್ಲಿ, ಮಾಡದವಳು ಅಡಿಗೆಮನೆಯಲ್ಲಿ! ಬೇಲಿ ಎದ್ದು ಹೊಲ ಮೇಯ್ದರೆ ಸರಿಪಡಿಸಬೇಕಾದ್ದು ಬೇಲಿಯನ್ನು.

ಆದುದರಿಂದ ಮೊದಲು ಮನೆಯಲ್ಲಿ ಮಗಳಿಗೆ ಮಾತು ಕೊಡಿ: “ಏನಾದರೂ ಹೇಳು, ಓದು ಬಿಡಿಸುವುದಿಲ್ಲ.” ಘಟನೆ ನಡೆದ ಮೂರು ತಿಂಗಳೊಳಗೆ ದೂರು ಬರೆದುಕೊಡಬೇಕೆಂಬುದು ನಿಯಮ, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಆಮೇಲೆ ಹತ್ತು ಮಂದಿ ತಂದೆತಾಯಿಗಳು ಕೂಡಿ ಕಾಲೇಜಿಗೆ ಹೋಗಿ. ಸಮಿತಿಯಲ್ಲಿ ಯಾರಿದ್ದಾರೆ, ಅವರ ಹೆಸರು ಫಲಕದ ಮೇಲೆ ಏಕಿಲ್ಲ, ವಿದ್ಯಾರ್ಥಿ ಸದಸ್ಯರ ಚುನಾವಣೆ ಯಾವಾಗ ನಡೆಯಿತು ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಇದನ್ನು ತಮ್ಮ ಬೇಡಿಕೆಯಾಗಿ ಎತ್ತಿಕೊಳ್ಳಲಿ. ಕಾಲೇಜಿನ ಶುಲ್ಕ ಕಟ್ಟುವುದು ನಮ್ಮ ಬೆವರು. ಅದರ ಲೆಕ್ಕ ಕೇಳುವ ಹಕ್ಕೂ ನಮ್ಮದೇ.

ನಮ್ಮ ಹೆಣ್ಣುಮಕ್ಕಳು ಓದಲಿ. ಹೆದರಬೇಕಾದವರು ಹೆದರಲಿ.