ಎಲ್ಲಿ ಹೋದರು ಈ ರೋಗಿಗಳು?

ಸೊಂಟದ ಕೃತಕ ಕೀಲಿನಲ್ಲಿ ಲೋಹದ ಗುಂಡು ಲೋಹದ ಬಟ್ಟಲಲ್ಲೇ ತಿರುಗಿದರೆ ಕೋಬಾಲ್ಟ್, ಕ್ರೋಮಿಯಂ ಕಣಗಳು ಸವೆದು ಉದುರುತ್ತವೆ. ಸುತ್ತಲ ಮಾಂಸ ಕೆಡಬಹುದು, ರಕ್ತಕ್ಕೂ ಲೋಹ ಸೇರೀತು. ಪಿಂಗಾಣಿಯ ಕೀಲು ಸವೆಯುವುದು ಬಹಳ ಕಡಿಮೆ, ಅಪರೂಪಕ್ಕೆ ಒಡೆಯುವುದುಂಟು.

ಮರುಶಸ್ತ್ರಚಿಕಿತ್ಸೆಗಳು ಹೆಚ್ಚಿದ್ದರಿಂದ ಜಾನ್ಸನ್ ಅಂಡ್ ಜಾನ್ಸನ್ ಬಳಗದ ಡೆಪ್ಯೂ ಕಂಪೆನಿ ತನ್ನ ಎ.ಎಸ್.ಆರ್. ಲೋಹದ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಭಾರತದಲ್ಲಿ ಅದನ್ನು ಅಳವಡಿಸಿದ ಶಸ್ತ್ರಚಿಕಿತ್ಸೆಗಳು ಸುಮಾರು 4,700. ಕೇಂದ್ರ ಸರಕಾರ 2018ರಲ್ಲಿ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರ ಗೊತ್ತುಪಡಿಸಿತೇನೋ ಸರಿ, ಪಡೆಯಬೇಕಾದವರಲ್ಲಿ ಬಹುಪಾಲು ಮಂದಿಯ ಪತ್ತೆಯೇ ಇರಲಿಲ್ಲ!

ನಮ್ಮ ಜಿಲ್ಲೆಯಿಂದ ಮಂಗಳೂರಿಗೆ ಹೋಗಿ ಕೀಲು ಹಾಕಿಸಿಕೊಳ್ಳುವವರಿಗೆ ನಮ್ಮದೊಂದು ಮಾತು: ಕೀಲಿನ ಹೆಸರು, ನಂಬರುಗಳಿರುವ ಚೀಟಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ, ಜಾಗದ ಆಧಾರಪತ್ರದೊಡನೆ ಜೋಪಾನವಾಗಿಡಿ.