ಮೂಲ ನೆಲದಲ್ಲಿರಲಿ, ಪ್ರತಿ ಹಾರಲಿ

ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ಅಳಿದುಳಿದವನ್ನು ಹಾರಿಸಬೇಕೋ, ಮ್ಯೂಸಿಯಂನ ಸೂರಿನಡಿ ನಿಲ್ಲಿಸಬೇಕೋ ಎಂಬ ಜಗಳ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ದಶಕಗಳಿಂದ ನಡೆದಿದೆ. ಒಂದೊಂದು ಅಪಘಾತವಾದಾಗಲೂ ಅದು ಮತ್ತೆ ಕಾವೇರುತ್ತದೆ. 2022ರ ನವೆಂಬರ್ 12ರಂದು ಡಲ್ಲಾಸ್‌ನ ಏರ್ ಶೋದಲ್ಲಿ ‘ಟೆಕ್ಸಾಸ್ ರೇಡರ್ಸ್’ ಎಂಬ ಬಿ-17 ಬಾಂಬರ್‌ಗೆ ಪಿ-63 ಕಿಂಗ್‌ಕೋಬ್ರಾ ಫೈಟರ್ ಬಂದು ಅಪ್ಪಳಿಸಿತು. ಬಾಂಬರ್‌ನಲ್ಲಿದ್ದ ಐವರೂ ಫೈಟರ್‌ನ ಪೈಲಟ್‌ ಕೂಡ ಸತ್ತರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2024ರ ಕೊನೆಯಲ್ಲಿ ಕೊಟ್ಟ ವರದಿ ದೋಷವನ್ನು ವಿಮಾನಗಳ ಮುಪ್ಪಿನ ಮೇಲೆ ಹೊರಿಸಲಿಲ್ಲ. ಯಾವ ವಿಮಾನ ಎಲ್ಲಿ, ಎಷ್ಟು ಎತ್ತರದಲ್ಲಿ ಹಾರಬೇಕೆಂದು ಮೊದಲೇ ಗೊತ್ತುಮಾಡದೆ, ಆ ಕ್ಷಣದ ರೇಡಿಯೋ ಸೂಚನೆಗಳನ್ನೂ ಪೈಲಟ್‌ಗಳ ಕಣ್ಣನ್ನೂ ನೆಚ್ಚಿಕೊಂಡದ್ದೇ ಕಾರಣ ಎಂದಿತು. ಹಾರಾಟದ ಪರವಾಗಿರುವವರು ಇದರಲ್ಲಿ ಸಮಾಧಾನ ಕಂಡರು: ಯಂತ್ರಗಳಲ್ಲಿ ಕೆಡುಕಿರಲಿಲ್ಲವಲ್ಲ! ವರದಿಯನ್ನು ಹೀಗೂ ಓದಬಹುದು: ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ಅರೆಕ್ಷಣದಲ್ಲಿ ಎರಡೂ ಇಲ್ಲವಾದವು. ಆ ಕಿಂಗ್‌ಕೋಬ್ರಾ ‘ಎಫ್’ ಮಾದರಿಯದು. ಆ ಮಾದರಿಯಲ್ಲಿ ತಯಾರಾದದ್ದೇ ಎರಡು.

ಹಾರಿಸುವವರ ಮೊದಲ ವಾದ ಎಲ್ಲರಿಗೂ ಬಾಯಿಪಾಠ: ವಿಮಾನ ಹುಟ್ಟಿದ್ದೇ ಹಾರಲು. ಇದು ಕೇಳಲು ಚೆಂದ, ವಾದವಾಗಿ ಪೊಳ್ಳು. ಬಾಂಬರ್ ಹುಟ್ಟಿದ್ದು ಬಾಂಬ್ ಹಾಕಲು. ಉದ್ದೇಶವೇ ಪ್ರಮಾಣವಾದರೆ ಅದನ್ನೂ ಮಾಡಬೇಕಾಗುತ್ತದೆ. ಯುದ್ಧಕಾಲದ ವಿಮಾನಗಳನ್ನು ಯಾರೂ ಎಂಬತ್ತು ವರ್ಷ ಬಾಳಲೆಂದು ಕಟ್ಟಿರಲಿಲ್ಲ. ಜರ್ಮನಿಯ ಮೆಸ್ಸರ್‌ಸ್ಮಿಟ್ 262 ಜೆಟ್ ಫೈಟರ್‌ನ ಯೂಮೋ ಎಂಜಿನ್ ಇಪ್ಪತ್ತೈದು ಗಂಟೆ ಓಡಿದರೆ ಅದೇ ಹೆಚ್ಚು. ಕೆಲವು ತಿಂಗಳು ಹಾರಿ, ಹೊಡೆದುರುಳಿಸಿಕೊಂಡು ಇಲ್ಲವೇ ಗುಜರಿಗೆ ಹೋಗಿ ಮುಗಿಯಬೇಕಿದ್ದ ವಸ್ತುಗಳಿವು. ಇಂದು ಅವುಗಳಿಗೆ ಬೆಲೆ ಬಂದಿರುವುದು ಆ ಕೆಲಸಕ್ಕಾಗಿ ಅಲ್ಲ, ಆ ಕಾಲಕ್ಕೆ ಅವು ಸಾಕ್ಷಿ ಎಂಬುದಕ್ಕಾಗಿ.

ಎರಡನೇ ವಾದಕ್ಕೆ ತೂಕವಿದೆ. ಹಾರಿಸುವ ಹಂಬಲ ಇಲ್ಲದಿದ್ದರೆ ಎಷ್ಟೋ ವಿಮಾನಗಳು ಉಳಿಯುತ್ತಲೇ ಇರಲಿಲ್ಲ. ಇದಕ್ಕೆ ಭಾರತದಲ್ಲೇ ಪಕ್ಕಾ ಉದಾಹರಣೆ ಇದೆ. 1940ರ ಬ್ರಿಟನ್ ಕದನದಲ್ಲಿ 49 ಸಲ ಕಾಳಗಕ್ಕೆ ಹಾರಿದ್ದ ಆರ್4118 ಸಂಖ್ಯೆಯ ಹರಿಕೇನ್ ಫೈಟರ್, ಯುದ್ಧದ ನಡುವೆಯೇ ಹಡಗೇರಿ ಭಾರತಕ್ಕೆ ಬಂತು. ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠದ ಸಾಮಗ್ರಿಯಾಯಿತು. 1982ರಲ್ಲಿ ಪೀಟರ್ ವಾಚರ್ ಎಂಬ ಬ್ರಿಟಿಷರ ಕಣ್ಣಿಗೆ ಬಿದ್ದಾಗ ಅದು ಬಯಲಲ್ಲಿ ಮಳೆ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ವರ್ಷಗಟ್ಟಲೆ ಬೆನ್ನುಬಿದ್ದು ಅವರು ಅದನ್ನು 2001ರಲ್ಲಿ ಇಂಗ್ಲೆಂಡ್‌ಗೆ ಒಯ್ದರು, 2004ರ ಡಿಸೆಂಬರ್‌ನಲ್ಲಿ ಹಾರಿಸಿದರು. ಅಷ್ಟೊಂದು ಹಣ, ಹಟ, ಕೈಕೆಲಸದ ಪರಿಣತಿ ಒಂದು ನಿಂತ ವಿಮಾನದ ಸುತ್ತ ಕೂಡುತ್ತಿತ್ತೇ ಎಂದು ಕೇಳಿದರೆ, ಬಹುಶಃ ಇಲ್ಲ ಎಂದೇ ಹೇಳಬೇಕು. ಹಳೆಯ ಮರ್ಲಿನ್ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್, ತೆಳು ತಗಡನ್ನು ಬಾಗಿಸಿ ರಿವೆಟ್ ಹೊಡೆಯಬಲ್ಲ ಕುಶಲಕರ್ಮಿ ಇಂದಿಗೂ ಇದ್ದಾರೆಂದರೆ ಅವರಿಗೆ ಕೆಲಸ ಕೊಟ್ಟದ್ದು ಈ ಹುಚ್ಚೇ.

ಆದರೆ ಹಾಗೆ ಆಕಾಶಕ್ಕೇರುವುದು ಏನು ಎಂದು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಹಾರಾಟಕ್ಕೆ ಪರವಾನಗಿ ಬೇಕೆಂದರೆ ದಣಿದ ಲೋಹ, ಸವೆದ ಕೊಂಡಿ, ಒಣಗಿದ ಅಂಟು ಯಾವುದೂ ಇರಕೂಡದು. ಅದು ಸರಿಯೂ ಹೌದು, ಪೈಲಟ್‌ನ ಜೀವ ಅದರ ಮೇಲೆ ನಿಂತಿದೆ. ಹೀಗಾಗಿ ರೆಕ್ಕೆಯ ತೊಲೆ ಹೊಸದು, ಹೊದಿಕೆಯ ತಗಡು ಹೊಸದು, ತಂತಿ ಕೊಳವೆಗಳೂ ಹೊಸವು. ಇಂದು ಹಾರುವ ಅನೇಕ ಸ್ಪಿಟ್‌ಫೈರ್‌ಗಳಲ್ಲಿ 1940ರ ದಶಕದ್ದೆಂದು ತೋರಿಸಬಹುದಾದದ್ದು ಕೆಲವು ಬಿಡಿಭಾಗಗಳು ಮತ್ತು ತಯಾರಿಕೆಯ ಸಂಖ್ಯೆ ಹೊತ್ತ ಫಲಕ ಮಾತ್ರ.

ಮಾಸ್ಕಿಟೊ ವಿಮಾನದ ಕಥೆ ಈ ವಿಷಯವನ್ನು ಬಿಚ್ಚಿ ತೋರಿಸುತ್ತದೆ. ಬಾಲ್ಸಾ ಮರವನ್ನು ಬರ್ಚ್ ಪ್ಲೈವುಡ್ ನಡುವೆ ಅಂಟಿಸಿ ಕಟ್ಟಿದ ಈ ಬ್ರಿಟಿಷ್ ವಿಮಾನಗಳು ಯುದ್ಧದ ಆಸುಪಾಸಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ತಯಾರಾದವು. 1996ರ ಹೊತ್ತಿಗೆ ಹಾರುತ್ತಿದ್ದುದು ಒಂದೇ. ಆ ವರ್ಷದ ಜುಲೈನಲ್ಲಿ ಮ್ಯಾಂಚೆಸ್ಟರ್ ಬಳಿಯ ಬಾರ್ಟನ್‌ನಲ್ಲಿ ಪ್ರದರ್ಶನದ ನಡುವೆ ಅದು ನೆಲಕ್ಕಪ್ಪಳಿಸಿ ಇಬ್ಬರೂ ಸಿಬ್ಬಂದಿ ಸತ್ತರು. ಮುಂದಿನ ಹದಿನಾರು ವರ್ಷ ಜಗತ್ತಿನಲ್ಲಿ ಎಲ್ಲಿಯೂ ಮಾಸ್ಕಿಟೊ ಹಾರಲಿಲ್ಲ. 2012ರಲ್ಲಿ ನ್ಯೂಜಿಲೆಂಡ್‌ನಲ್ಲಿ ಮತ್ತೊಂದು ಹಾರಿತು. ಅದರ ಮರದ ಒಡಲು ಗ್ಲಿನ್ ಪವೆಲ್ ಎಂಬವರು ವರ್ಷಗಟ್ಟಲೆ ದುಡಿದು ಮಾಡಿದ ಅಚ್ಚುಗಳಲ್ಲಿ ಹೊಸದಾಗಿ ರೂಪುಗೊಂಡದ್ದು, ಲೋಹದ ಬಿಡಿಭಾಗಗಳಷ್ಟೇ ಹಳೆಯವು. ನೆರೆದ ಜನ ಅದನ್ನು ನೋಡಿ ಕಡಿಮೆ ಪುಳಕಗೊಂಡರೆಂದು ಯಾರೂ ಹೇಳಿಲ್ಲ. ಹೊಸ ಮರದಿಂದಲೇ ಅದೇ ಸದ್ದು, ಅದೇ ಚಂದ ಸಿಗುವುದಾದರೆ ಬಾರ್ಟನ್‌ನಲ್ಲಿ ಹಳೆಯದನ್ನು ಪಣಕ್ಕಿಟ್ಟು ಗಳಿಸಿದ್ದೇನು?

ನೋಡುಗರ ಭಾವನೆ ಮೂಲ ವಸ್ತುವಿಗೆ ಅಂಟಿಕೊಂಡಿಲ್ಲ ಎಂಬುದಕ್ಕೆ ಇನ್ನೂ ಗಟ್ಟಿ ಪುರಾವೆ ಇದೆ. ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಊರೂರಿಗೆ ಕೊಂಡೊಯ್ಯುತ್ತಿದ್ದ ಬಿ-17 ‘ನೈನ್-ಓ-ನೈನ್’ ನಿಜವಾದ ನೈನ್-ಓ-ನೈನ್ ಅಲ್ಲ. 140 ದಾಳಿಗಳಲ್ಲಿ ಒಮ್ಮೆಯೂ ಅರ್ಧದಾರಿಯಲ್ಲಿ ಮರಳದ ಆ ಹೆಸರಿನ ಬಾಂಬರ್ ಯುದ್ಧ ಮುಗಿದ ಮೇಲೆ ಗುಜರಿ ಸೇರಿತ್ತು. ಅದರ ಬಣ್ಣ ಬಳಿದುಕೊಂಡ ಈ ವಿಮಾನಕ್ಕೆ ತನ್ನದೇ ಆದ, ಇನ್ನೂ ವಿಚಿತ್ರವಾದ ಚರಿತ್ರೆ ಇತ್ತು: 1952ರಲ್ಲಿ ನೆವಾಡಾದ ಪರಮಾಣು ಪರೀಕ್ಷೆಗಳಲ್ಲಿ ಸ್ಫೋಟದ ಪರಿಣಾಮ ಅಳೆಯಲು ಅದನ್ನು ನಿಲ್ಲಿಸಲಾಗಿತ್ತು, ಆಮೇಲೆ ಕಾಡ್ಗಿಚ್ಚಿಗೆ ನೀರು ಸುರಿಯಲು ಬಳಸಲಾಯಿತು. ಆ ಚರಿತ್ರೆ ಬಣ್ಣದ ಕೆಳಗೆ ಹೂತುಹೋಯಿತು. 2019ರ ಅಕ್ಟೋಬರ್ 2ರಂದು ಕನೆಕ್ಟಿಕಟ್‌ನ ಬ್ರ್ಯಾಡ್ಲಿ ವಿಮಾನ ನಿಲ್ದಾಣದಲ್ಲಿ ವಿಮಾನವೇ ಸುಟ್ಟುಹೋಯಿತು.

ದೇವಸ್ಥಾನದ ಪದ್ಧತಿಯಲ್ಲಿ ಈ ತೊಡಕಿಗೆ ಉತ್ತರ ಎಂದೋ ಸಿಕ್ಕಿದೆ. ಮೂಲಮೂರ್ತಿ ಗರ್ಭಗುಡಿಯಿಂದ ಕದಲುವುದಿಲ್ಲ. ಬೀದಿಗೆ ಬಂದು ಜನರಿಗೆ ದರ್ಶನ ಕೊಡುವುದು ಉತ್ಸವಮೂರ್ತಿ. ತೇರಿನಲ್ಲಿರುವುದು ಮೂಲಮೂರ್ತಿಯಲ್ಲ ಎಂದು ಯಾವ ಭಕ್ತನೂ ಕೈಮುಗಿಯದೆ ಹಿಂದಿರುಗಿದ್ದಿಲ್ಲ.

ಮೂಲ ವಿಮಾನದಲ್ಲಿ ಮಾತ್ರ ಸಿಗುವುದು ಸಾಕ್ಷ್ಯ. ಅವಸರದಲ್ಲಿ ಹೊಡೆದ ರಿವೆಟ್, ಕಾರ್ಖಾನೆಯ ತಪಾಸಣೆಯ ಮುದ್ರೆ, ಗುಂಡು ತಾಗಿದ ತೂತಿಗೆ ಹಾಕಿದ ತೇಪೆ, ಒಂದರ ಮೇಲೊಂದು ಕೂತ ಬಣ್ಣದ ಪದರಗಳು ಇವೆಲ್ಲ ಬರವಣಿಗೆಯ ದಾಖಲೆಗಳಲ್ಲಿ ಇಲ್ಲದ ಸಂಗತಿ ಹೇಳುತ್ತವೆ. ಹಾರಾಟಕ್ಕೆ ಸಜ್ಜುಮಾಡುವಾಗ ಮೊದಲು ಕಿತ್ತು ಎಸೆಯುವುದು ಇವನ್ನೇ. ಲಂಡನ್‌ನ ಹೆಂಡನ್‌ನಲ್ಲಿರುವ ಆರ್‌ಎಎಫ್ ಮ್ಯೂಸಿಯಂನ ಹ್ಯಾಲಿಫ್ಯಾಕ್ಸ್ ಬಾಂಬರ್ 1942ರ ಏಪ್ರಿಲ್‌ನಲ್ಲಿ ಜರ್ಮನ್ ಯುದ್ಧನೌಕೆ ಟಿರ್ಪಿಟ್ಸ್ ಮೇಲಿನ ದಾಳಿಯಲ್ಲಿ ಏಟು ತಿಂದು ನಾರ್ವೆಯ ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿದು ಮುಳುಗಿತ್ತು. 1973ರಲ್ಲಿ ಮೇಲೆತ್ತಿದ ಅದನ್ನು ಹೆಚ್ಚುಕಡಿಮೆ ಸಿಕ್ಕ ಸ್ಥಿತಿಯಲ್ಲೇ ಇಡಲಾಗಿದೆ. ಅದೇ ಮ್ಯೂಸಿಯಂನ ಲ್ಯಾಂಕಾಸ್ಟರ್ ಆರ್5868 ನೂರಮೂವತ್ತಕ್ಕೂ ಹೆಚ್ಚು ದಾಳಿ ಮಾಡಿ ಮರಳಿದ್ದು. ಏಳು ಸಾವಿರಕ್ಕೂ ಮಿಕ್ಕಿ ತಯಾರಾದ ಲ್ಯಾಂಕಾಸ್ಟರ್‌ಗಳಲ್ಲಿ ಇಂದು ಹಾರಬಲ್ಲವು ಎರಡು, ಒಂದು ಬ್ರಿಟನ್‌ನಲ್ಲಿ, ಇನ್ನೊಂದು ಕೆನಡಾದಲ್ಲಿ. ಆ ಎರಡನ್ನೂ ಇಳಿಸಿ ನಿಲ್ಲಿಸುವ ಹೊತ್ತಾಗಿದೆ ಎಂದರೆ ಬ್ರಿಟನ್ನಿನಲ್ಲಿ ಕಲ್ಲು ಬೀಳಬಹುದು. ಆದರೂ ಹೇಳಬೇಕಾದದ್ದು ಅದೇ.

ಹಾರುವುದು ಪೈಲಟ್‌ನ ಆಯ್ಕೆ, ಅಪಾಯ ಅವನದೇ ಎಂಬ ಮಾತೂ ಇದೆ. ಕೆಳಗಿರುವವರನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. 2015ರ ಆಗಸ್ಟ್ 22ರಂದು ಇಂಗ್ಲೆಂಡ್‌ನ ಶೋರಮ್‌ನಲ್ಲಿ ಲೂಪ್ ಹೊಡೆಯಲು ಹೋದ ಹಾಕರ್ ಹಂಟರ್ ಜೆಟ್ ಹೆದ್ದಾರಿಯ ಮೇಲೆ ಬಿತ್ತು. ಸತ್ತವರು ಹನ್ನೊಂದು ಮಂದಿ, ಎಲ್ಲರೂ ಪ್ರದರ್ಶನದ ಬೇಲಿಯ ಹೊರಗಿದ್ದವರು. ಪೈಲಟ್ ಬದುಕಿದ. ಅದಾದ ಮೇಲೆಯೇ ಬ್ರಿಟನ್ ಹಳೆಯ ಜೆಟ್‌ಗಳು ನೆಲದ ಮೇಲೆ ಕಸರತ್ತು ಮಾಡುವುದಕ್ಕೆ ಕಡಿವಾಣ ಹಾಕಿತು. ಬ್ರ್ಯಾಡ್ಲಿಯಲ್ಲಿ ಸತ್ತ ಏಳು ಜನರಲ್ಲಿ ಐವರು ದುಡ್ಡು ಕೊಟ್ಟು ಹತ್ತಿದ ಪ್ರಯಾಣಿಕರು. ಎಂಜಿನ್ ಶಕ್ತಿ ಕುಂದಿದ ಮೇಲೆ ವಿಮಾನವನ್ನು ನಿಭಾಯಿಸುವಲ್ಲಿ ಪೈಲಟ್ ಎಡವಿದ್ದು ತನಿಖೆ ಕಂಡ ಕಾರಣ, ನಿರ್ವಹಣೆಯ ಲೋಪ ಅದಕ್ಕೆ ಕೂಡಿಕೊಂಡ ಕಾರಣ. 2020ರ ಮಾರ್ಚ್‌ನಲ್ಲಿ ಕಾಲಿಂಗ್ಸ್ ಫೌಂಡೇಶನ್‌ಗೆ ಪ್ರಯಾಣಿಕರನ್ನು ಒಯ್ಯಲು ಇದ್ದ ಅನುಮತಿ ರದ್ದಾಯಿತು. 2023ರಲ್ಲಿ ಉಳಿದ ಬಿ-17ಗಳ ರೆಕ್ಕೆಯ ಜೋಡಣೆಗಳನ್ನು ಬಿರುಕಿಗಾಗಿ ಪರೀಕ್ಷಿಸುವಂತೆ ಸರ್ಕಾರವೇ ಆದೇಶಿಸಿತು. ಲೋಹಕ್ಕೆ ದೇಶಭಕ್ತಿ ತಿಳಿಯದು.

ಹಾಗೆಂದು ಎಲ್ಲವನ್ನೂ ಕಟ್ಟಿಹಾಕಬೇಕಿಲ್ಲ. ಇಪ್ಪತ್ತು ಸಾವಿರ ತಯಾರಾಗಿ, ಈಗಲೂ ಐವತ್ತಕ್ಕೂ ಹೆಚ್ಚು ಹಾರುವ ಸ್ಥಿತಿಯಲ್ಲಿರುವ, ಅದರಲ್ಲೂ ಬಹುಪಾಲು ಹೊಸ ತಗಡಿನ ಸ್ಪಿಟ್‌ಫೈರ್ ಹಾರಿದರೆ ಕಳೆಯುವುದು ಕಡಿಮೆ. ಡಕೋಟಾ ಸಾಗಣೆ ವಿಮಾನದ ಮಾತೂ ಅದೇ. ಗುಜರಿಯಿಂದ ಎತ್ತಿ ಬ್ರಿಟನ್‌ನಲ್ಲಿ ದುರಸ್ತಿ ಮಾಡಿಸಿ, ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ರಾಜೀವ್ ಚಂದ್ರಶೇಖರ್ ವಾಯುಪಡೆಗೆ ಉಡುಗೊರೆ ಕೊಟ್ಟ ‘ಪರಶುರಾಮ’ 2018ರಲ್ಲಿ ಭಾರತಕ್ಕೆ ಹಾರಿಬಂತು. ಅದರ ಮೇಲಿರುವ ವಿಪಿ905 ಸಂಖ್ಯೆ 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಮೊದಲು ಇಳಿಸಿದ ಡಕೋಟಾದ್ದು, ಗೌರವಾರ್ಥವಾಗಿ ಇದಕ್ಕೆ ಇಟ್ಟದ್ದು. ಆ ಜಾತಿಯ ವಿಮಾನಗಳು ಇನ್ನೂ ಸಾಕಷ್ಟಿವೆ. ಹಾರಲಿ. ಇಲ್ಲದ ವಿಮಾನಗಳನ್ನು ಹೊಸದಾಗಿ ಕಟ್ಟಲೂ ಬರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮೆಸ್ಸರ್‌ಸ್ಮಿಟ್ 262ರ ಪ್ರತಿಗಳನ್ನು ಈ ಕಾಲದ ಎಂಜಿನ್ ಕೂರಿಸಿ ಹಾರಿಸಿದ್ದಾರೆ. ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ಬೆನ್ನಿಗಿರುವ ನ್ಯೂಜಿಲೆಂಡ್‌ನ ಕಾರ್ಯಾಗಾರ ಮೊದಲ ಮಹಾಯುದ್ಧದ ವಿಮಾನಗಳನ್ನು ಎಂಜಿನ್ ಸಮೇತ ಹೊಸದಾಗಿ ಮಾಡುತ್ತದೆ. ಕೈಕೆಲಸದ ಪರಿಣತಿ ಉಳಿಯಬೇಕೆಂಬುದೇ ಕಾಳಜಿಯಾದರೆ ಅದಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಬೇರೆ ಇಲ್ಲ. ದುಬಾರಿ, ನಿಜ. ಹಳೆಯದನ್ನು ಹಾರುವಂತೆ ಮಾಡುವುದೂ ಅಗ್ಗವಲ್ಲ.

ಮ್ಯೂಸಿಯಂ ಪರ ನಿಂತವರು ತಮ್ಮ ಮನೆಯನ್ನೂ ನೋಡಿಕೊಳ್ಳಬೇಕು. 1978ರಲ್ಲಿ ಸ್ಯಾನ್ ಡಿಯಾಗೋದ ವಿಮಾನ ಮ್ಯೂಸಿಯಂ ಬೆಂಕಿಗೆ ಆಹುತಿಯಾಯಿತು. 1990ರಲ್ಲಿ ಪ್ಯಾರಿಸ್‌ನ ಲ ಬೂರ್ಜೆ ಮ್ಯೂಸಿಯಂನ ಸಂಗ್ರಹಾಗಾರದಲ್ಲಿ ಹತ್ತಾರು ವಿಮಾನಗಳು ಒಂದೇ ರಾತ್ರಿಯಲ್ಲಿ ಬೂದಿಯಾದವು. ಯಾವ ಏರ್ ಶೋ ಕೂಡ ಒಂದೇ ಏಟಿಗೆ ಅಷ್ಟು ನುಂಗಿಲ್ಲ. ಅಮೆರಿಕದ ಹೆಮ್ಮೆಯ ಬಿ-17 ಬಾಂಬರ್ ‘ಮೆಂಫಿಸ್ ಬೆಲ್’ ದಶಕಗಳ ಕಾಲ ಬಯಲಲ್ಲಿ ನಿಂತು, ಕಂಡಕಂಡವರು ಭಾಗ ಕಿತ್ತೊಯ್ದು, 2018ರಲ್ಲಷ್ಟೇ ಡೇಟನ್‌ನ ವಾಯುಪಡೆ ಮ್ಯೂಸಿಯಂನಲ್ಲಿ ದುರಸ್ತಿಗೊಂಡು ಪ್ರದರ್ಶನಕ್ಕೆ ಬಂತು. ತೇವಾಂಶ ಹತೋಟಿ, ಬೆಂಕಿ ನಂದಿಸುವ ವ್ಯವಸ್ಥೆ, ಸಂರಕ್ಷಣೆ ಬಲ್ಲ ಸಿಬ್ಬಂದಿ ಇಲ್ಲದ ಮ್ಯೂಸಿಯಂ ನಿಧಾನಗತಿಯ ಅಪಘಾತವೇ ಸರಿ.

ಈ ವಿವಾದದಲ್ಲಿ ಬೆಂಗಳೂರಿಗೆ ಪಾಲಿದೆ. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಎಚ್‌ಎಎಲ್‌ ಪೈಲಟ್ ಜಮಶೇದ್ ಮುನ್ಷಿ, ಹಾರುವಷ್ಟು ಮಟ್ಟಿಗೆ ಸರಿಮಾಡಿದ ಸ್ಥಿತಿಯಲ್ಲೇ, ಬೆಂಗಳೂರಿಗೆ ತಂದರು. ಎಚ್‌ಎಎಲ್‌ನಲ್ಲಿ ಪುನರ್ಜನ್ಮ ಪಡೆದ ನಲವತ್ತಕ್ಕೂ ಹೆಚ್ಚು ಲಿಬರೇಟರ್‌ಗಳು 1968ರವರೆಗೆ ವಾಯುಪಡೆಯಲ್ಲಿ ದುಡಿದವು. ಅಮೆರಿಕ ತಾನು ತಯಾರಿಸಿದ ಹದಿನೆಂಟು ಸಾವಿರದಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕರಗಿಸಿದ್ದರಿಂದ, ಇಂದು ಒಟ್ಟಾವಾ, ಅರಿಜೋನಾದ ಟೂಸಾನ್, ಇಂಗ್ಲೆಂಡ್‌ನ ಕಾಸ್‌ಫರ್ಡ್, ದೆಹಲಿಯ ಪಾಲಂ ಮ್ಯೂಸಿಯಂಗಳಲ್ಲಿರುವುದು ಬೆಂಗಳೂರಿನ ಕೈದುರಸ್ತಿ ಕಂಡ ಲಿಬರೇಟರ್‌ಗಳೇ. ಕಾಲಿಂಗ್ಸ್ ಫೌಂಡೇಶನ್ ನೈನ್-ಓ-ನೈನ್ ಜೊತೆಗೆ ಹಾರಿಸುತ್ತಿದ್ದ ಬಿ-24 ಕೂಡ ಭಾರತೀಯ ವಾಯುಪಡೆಯದೇ. ಕನೆಕ್ಟಿಕಟ್‌ನಲ್ಲಿ ಆ ದಿನ ಬಿದ್ದದ್ದು ಅದಾಗಿದ್ದರೆ ಎಚ್‌ಎಎಲ್‌ ಕೆಲಸಗಾರರ 1940ರ ದಶಕದ ಕೈಗುರುತುಗಳೂ ಅದರೊಂದಿಗೆ ಸುಟ್ಟುಹೋಗುತ್ತಿದ್ದವು.

ಕರ್ನಾಟಕದಲ್ಲಿ ಹಾರಿಸುವ ಚಪಲಕ್ಕಿಂತ ಮರೆಯುವ ಚಾಳಿ ದೊಡ್ಡ ಶತ್ರು. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಎಚ್‌ಎಫ್‌-24 ಮರುತ್ ಜೆಟ್ ಫೈಟರ್ ತಯಾರಾದದ್ದು 147. ಅದರಲ್ಲೊಂದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಆವರಣದಲ್ಲಿ ಬಯಲಿಗೇ ನಿಂತಿದೆ. ಕಾರವಾರದ ಕಡಲತೀರದಲ್ಲಿ ಉಪ್ಪುಗಾಳಿಗೆ ನೌಕಾಪಡೆಯ ಟಿಯು-142 ಗಸ್ತು ವಿಮಾನ ನಿಂತಿದೆ. ಮರುತ್‌ ಹಾರಬೇಕಿಲ್ಲ, ಹಾರಕೂಡದು. ಆಗಬೇಕಾದದ್ದು ಒಂದು ಮರುತ್‌ಗಾದರೂ ಗಾಳಿ ಹತೋಟಿಯ ಕಟ್ಟಡ, ಅದರ ನಕಾಶೆಗಳ ಡಿಜಿಟಲ್ ಪ್ರತಿ, ಅದನ್ನು ಕಟ್ಟಿದವರಲ್ಲಿ ಉಳಿದವರ ಮಾತಿನ ದಾಖಲೆ. ಕಾನೂನಿನ ಆಸರೆಯಂತೂ ಸದ್ಯಕ್ಕಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಇಂಥ ವಸ್ತುಗಳಿಗೆ ರಕ್ಷಣೆ ಕೊಡುವುದು ನೂರು ವರ್ಷ ತುಂಬಿದ ಮೇಲೆ. ಎಲ್ಲಕ್ಕಿಂತ ಹಳೆಯ ಮರುತ್‌ಗೆ ಆ ವಯಸ್ಸಾಗುವುದು 2061ರ ಸುಮಾರಿಗೆ. ಅಲ್ಲಿಯವರೆಗೆ ಅದನ್ನು ತೂಕಕ್ಕೆ ಹಾಕಿ ಮಾರಲು ಆ ಕಾಯ್ದೆಯ ಅಡ್ಡಿಯಿಲ್ಲ.