ಹಳದೀ ಚೌಕ ಚೀಸ್ ಅಲ್ಲ, ವೈನೀ

ನಮ್ಮ ಮಂದಿಯೊಳಗ ಒಂದು ಮಾತು ಭಾಳ ಕೇಳ್ತೀನಿ: "ಚೀಸ್ ಅಂದ್ರ ಹುಡುಗೂರು ತಿನ್ನೂದು, ನಮ್ಮಂಥಾವ್ರಿಗೆ ಯಾಕ ಬೇಕು?" ಹಿಂಗ ಅನ್ನೂ ವೈನಿಗೋಳ ಫ್ರಿಜ್ ತಗದು ನೋಡ್ರಿ, ಹಳದೀ ಚೌಕದ ಪಾಕೀಟು ಇದ್ದ ಇರ್ತದ. ಮೊಮ್ಮಕ್ಕಳ ಡಬ್ಬಿಗೆ ಅದ, ದ್ವಾಸಿ ಮ್ಯಾಲೆ ಅದ, ಈಗ ಉಪ್ಪಿಟ್ಟಿನ ಮ್ಯಾಲೂ ತುರದು ಹಾಕ್ಲಿಕ್ಕೆ ಹತ್ಯಾರ. ಆ ಒಂದು ಚೌಕ ತಿಂದು, ಜಗತ್ತಿನ ಎಲ್ಲಾ ಚೀಸಿಗೂ ಒಂದ ಮಾರ್ಕು ಕೊಟ್ಟು ಕೂಡೂದು ಯಾವ ನ್ಯಾಯರೀ? ಇದರ ಮ್ಯಾಲೆ ನನ್ನ ಜಗಳ ಅದ. ಇವತ್ತ ಮಾಡಿ ಮುಗಸ್ತೀನಿ.

ಮೊದಲು ಆ ಚೌಕದ ಕತಿ ಕೇಳ್ರಿ. 1911ರಾಗ ಸ್ವಿಟ್ಜರ್ಲೆಂಡಿನ ಥೂನ್ ಅನ್ನೂ ಊರಾಗ ಚೀಸನ್ನ ಕರಗಿಸಿ, ಅದರಾಗ ಸಿಟ್ರೇಟ್ ಅನ್ನೂ ಒಂದು ನಮೂನಿ ಉಪ್ಪು ಕೂಡಿಸಿ, ಮತ್ತ ಗಟ್ಟಿ ಮಾಡೂ ವಿದ್ಯಾ ಕಂಡುಹಿಡದ್ರು. ಬಿಸಿಲ ದೇಶಕ್ಕ ಕಳಿಸಿದ್ರೂ ಕೆಡಬಾರದು ಅಂತ. ಜಾಣತನದ ಕೆಲಸನ, ಇಲ್ಲ ಅನ್ನಂಗಿಲ್ಲ. ಆದ್ರ ಕರಗಿಸಿದ ಕೂಡಲೆ ಅದರಾಗಿನ ಜೀವ ಹೋತು. ಇನ್ನ ಅದು ಮಾಗಂಗಿಲ್ಲ; ಇವತ್ತೂ ಒಂದ ರುಚಿ, ಆರು ತಿಂಗಳಿಗೂ ಒಂದ ರುಚಿ. ಪಾಕೀಟಿನ ಮ್ಯಾಲೆ "ಪ್ರೊಸೆಸ್ಡ್ ಚೀಸ್" ಅಂತ ಸ್ವಚ್ಛ ಬರದಿರ್ತದ. ಇದಕ್ಕಿಂತ ಕೆಳಗಿಂದು ಇನ್ನೊಂದದ: ಹಾಲಿನ ಜಿಡ್ಡಿನ ಬದಲಿ ಎಣ್ಣಿ ಹಾಕಿ ಮಾಡಿದ್ದು. ಅದಕ್ಕ ಚೀಸ್ ಅನ್ನೂ ಹಂಗ ಇಲ್ಲ, "ಅನಲಾಗ್" ಅಂತ ಬರೀಬೇಕು. ಹೋದ ದೀಪಾವಳಿ ಮುಂದ ನಮ್ಮ ಕಡೆ ಒಂದು ಪಿಜ್ಜಾ ಅಂಗಡ್ಯಾಗ "ನೀವು ಹಾಕೂ ಚೀಸಿನ ಪಾಕೀಟು ಒಂದೀಟು ತೋರಸಪಾ" ಅಂದೆ. ಹುಡುಗ ನನ್ನ ಮಾರಿ ನೋಡಿ ಒಳಗ ಹೋದ. ಪಿಜ್ಜಾ ಬಂತು, ಪಾಕೀಟು ಬರಲಿಲ್ಲ.

ಇನ್ನ ನಿಮ್ಮ ತಕರಾರು ಒಂದೊಂದ ತಗೋತೀನಿ.

"ಖರೇ ಚೀಸ್ ನಾರ್ತದ." ಕೆಲವು ನಾರ್ತಾವ, ಒಪ್ಪಿದೆ. ಕರಿಂಡಿ ನಾರಂಗಿಲ್ಲೇನು? ಥಂಡಿ ದಿನದಾಗ ಗಡಿಗಿ ಬಾಯಿ ತಗದ್ರ ಓಣಿಗೆಲ್ಲಾ ಗೊತ್ತಾಗ್ತದ, ಆದ್ರೂ ರೊಟ್ಟಿ ಜೋಡಿ ಬಟ್ಟ ನೆಕ್ಕಿ ತಿಂತೇವಿ. ಇಂಗಿನ ಡಬ್ಬಿ? ಜರ್ಮನ್ ಭಾಷಾದಾಗ ಇಂಗಿಗೆ "ಸೈತಾನನ ಹೊಲಸು" ಅನ್ನೂ ಅರ್ಥದ ಹೆಸರದ ಗೊತ್ತೇನು? ಅವ್ರಿಗೆ ನಮ್ಮ ಇಂಗು ಹಂಗ, ನಮಗ ಅವ್ರ ಚೀಸ್ ಹಿಂಗ. ಹಾಲು ಕೆಟ್ಟಿದ್ದಕ್ಕೂ ಹಾಲು ಹೆಪ್ಪಾಗಿದ್ದಕ್ಕೂ ಇರೂ ಫರಕು ನಮಗ ಯಾರೂ ಕಲಸಬೇಕಾಗಿಲ್ಲ, ದಿನಾ ರಾತ್ರಿ ಹೆಪ್ಪು ಹಾಕಿನ ಮಲಗ್ತೇವಿ. ಚೀಸೂ ಅಷ್ಟರೀ. ಹಾಲಿಗೆ ಹೆಪ್ಪು ಹಾಕಿ, ರೆನೆಟ್ ಹಾಕಿ ಗಟ್ಟಿ ಮಾಡಿ, ನೀರು ಬಸದು, ಉಪ್ಪು ಹಚ್ಚಿ, ತಂಪು ಖೋಲಿಯೊಳಗ ತಿಂಗಳುಗಟ್ಟಲೆ ಇಟ್ಟು ಕಾಯೂದು. ನಮ್ಮ ಮೊಸರಿಗೆ ಅದು ಕಾಕಾನ ಮಗಳು.

"ಅದು ನಮ್ಮದಲ್ಲ." ನಾರ್ವೆ ದೇಶದಾಗ ಬ್ರೂನೋಸ್ಟ್ ಅಂತ ಕಂದು ಬಣ್ಣದ ಚೀಸ್ ಮಾಡ್ತಾರ. ಹಾಲೊಡದು ಉಳದ ನೀರಿಗೆ ಹಾಲು, ಕೆನಿ ಕೂಡಿಸಿ, ಕೆಂಪಾಗೂ ತನಕ ತಿರುವಿ ತಿರುವಿ ಕುದಸೂದು. ಬೆಳಗಾವಿ ಕುಂದಾ ತಿರುವಿದ ಕೈಗೆ ಇದರಾಗ ಹೊಸಾದೇನದ? ಮುಂಬೈದ ಎಲೆಫ್ಥೀರಿಯಾ ಅನ್ನೂವ್ರು ಇದನ್ನ ನಮ್ಮ ದೇಶದಾಗ ಮಾಡಿ ವರ್ಲ್ಡ್ ಚೀಸ್ ಅವಾರ್ಡ್ಸ್‌ನ್ಯಾಗ ಪದಕಾ ತಗೊಂಡಾರ. ಮಗಳು ತಂದ ತುಣುಕು ಬಾಯಾಗ ಇಟ್ಟಾಗ ನನಗ ನೆನಪಾಗಿದ್ದು ಧಾರವಾಡ ಪೇಢೆ, ಅದಕ್ಕೊಂದೀಟು ಉಪ್ಪು ಬಿದ್ದಂಗ. ಇಟಲಿಯ ಕಂಪಾನಿಯಾದಾಗ ಹೆಸರುವಾಸಿ ಮೊಜ್ಜರೆಲ್ಲಾ ಮಾಡೂದು ಎಮ್ಮಿ ಹಾಲಿಂದ; ನಮ್ಮ ಪೇಢೆಕ್ಕೂ ಎಮ್ಮಿ ಹಾಲನ ಛೊಲೋ. ಬೆಂಗಳೂರಾಗ ಬೆನೆಡಿಕ್ಟೈನ್ ಪಂಥದ ಸನ್ಯಾಸಿಗಳು ಮಠದಾಗ ಕೂತು ಮೊಜ್ಜರೆಲ್ಲಾ ಮಾಡಿ ಮಾರ್ತಾ ಬಂದಾರ. ಬಂಗಾಳದ ಬಂಡೇಲ್ ಚೀಸ್ ಪೋರ್ಚುಗೀಸರ ಕಾಲದಿಂದ ಬಂದದ್ದು. ಜಮ್ಮು ಕಡೆ ಕಲಾರಿ ಅಂತದ, ತವಾ ಮ್ಯಾಲೆ ಹಾಕಿದ್ರ ತನ್ನ ಜಿಡ್ಡಿನಾಗ ತಾನ ಕೆಂಪಗಾಗ್ತದ. ಸಿಕ್ಕಿಂ ಕಡೆ ಛುರ್ಪಿ ಅಂತೂ ಕಲ್ಲು. ದವಡ್ಯಾಗ ಇಟಗೊಂಡು ತಾಸುಗಟ್ಟಲೆ ಚೀಪಬೇಕು.

ಊಟಿಗೆ ಹೋದ್ರ ಚಹಾಪುಡಿ, ಚಾಕಲೇಟು ಚೀಲ ತುಂಬಿ ತರ್ತೀರಿ. ಬಾಜೂಕಿನ ಕುನ್ನೂರಾಗ ಮಾಡಿದ ಚೀಸ್ ಯಾಕ ಬ್ಯಾಡ? ಪುದುಚೇರಿಯಿಂದ ಊದಬತ್ತಿ ತರ್ತೀರಿ, ಆರೋವಿಲ್ ಚೀಸ್ ಏನು ಪಾಪಾ ಮಾಡ್ಯದ?

ಮೂರನೇ ಮಾತು ಮಡಿವಂತರದು: "ಅದರಾಗ ಕರುವಿಂದು ಏನೋ ಹಾಕ್ತಾರಂತ." ಇದನ್ನ ನಾ ಹಗರ ಮಾಡಂಗಿಲ್ಲ, ಖರೇನ ಅದ. ರೆನೆಟ್ ಮೂಲದಾಗ ಕರುವಿನ ಹೊಟ್ಟಿಯಿಂದ ತಗಿಯೂ ವಸ್ತು. ಇಟಲಿಯ ಪಾರ್ಮಿಜಾನೋ ರೆಜಾನೋಕ್ಕ ಇವತ್ತಿಗೂ ಅದನ್ನ ಹಾಕಬೇಕು ಅಂತ ನಿಯಮ. ಅದು ನಮ್ಮ ಮನಿಯೊಳಗ ಬರಂಗಿಲ್ಲ, ಮುಗೀತು. ಆದ್ರ ಸೂಕ್ಷ್ಮಜೀವಿಗಳಿಂದ ಮಾಡಿದ ರೆನೆಟ್ಟೂ ಅದ, ನಮ್ಮ ದೇಶದ ಚೀಸಿನಾಗ ಹೆಚ್ಚಾಗಿ ಹಾಕೂದು ಅದನ್ನ. ಹಸರು ಚುಕ್ಕಿ ನೋಡ್ರಿ, ಅನುಮಾನ ಬಂದ್ರ ಅಂಗಡ್ಯಾಗ ಕೇಳ್ರಿ. ಕೇಳಿ ಬಿಡೂದು ನೇಮ. ಕೇಳದನ ದೂರ ಸರಿಯೂದು ಬರೇ ಆಲಸ್ಯ. ಹೊಟೇಲಿನಾಗ ಪಾಸ್ತಾ ಮ್ಯಾಲೆ ಉದುರಸೂ ಪುಡಿ ಯಾವ ಚೀಸಿಂದು ಅಂತ ನಿಮ್ಮೊಳಗ ಎಷ್ಟು ಮಂದಿ ಕೇಳೀರಿ, ಹೇಳ್ರಿ ನೋಡೋಣ.

ಕಡೀ ಮಾತು: "ಭಾಳ ತುಟ್ಟಿ." ಲೆಕ್ಕಾ ಹಾಕೋಣ. ಒಂದು ಕಿಲೋ ಗಟ್ಟಿ ಚೀಸಿಗೆ ಹೆಚ್ಚುಕಡಿಮಿ 10 ಲೀಟರ್ ಹಾಲು ಬೇಕು. ಲೀಟರಿಗೆ 50 ರೂಪಾಯಿ ಹಿಡದ್ರೂ ಹಾಲಿಗೇ 500 ಆತು. ಅದರ ಮ್ಯಾಲೆ ತಿಂಗಳುಗಟ್ಟಲೆ ಕರೆಂಟು, ದಿನಾ ಹೊಳ್ಳಿಸಿ ಒರಸಿ ಇಡೂ ಕೈ. 100 ಗ್ರಾಂಕ್ಕ 150-200 ರೂಪಾಯಿ ಹೇಳಿದ್ರ ಅದು ಲೂಟಿ ಅಲ್ಲ. ಆ ಎಣ್ಣಿ ಚೀಸಿನ ಪಿಜ್ಜಾಕ್ಕ ನಾಕು ಮಂದಿ ಕೂಡಿ ಇದರ ನಾಕು ಪಟ್ಟು ಕೊಟ್ಟು ಬರ್ತೀರಿ.

ಖರೇ ಹೇಳ್ಬೇಕಂದ್ರ ರೊಕ್ಕದ ಮಾತ ಅಲ್ಲ ಇದು. ಗಂಡಗ, ಮಕ್ಕಳಿಗೆ, ಅಳಿಯಗ ಅಂದ್ರ ರೊಕ್ಕ ಹೊರಗ ಬರ್ತದ. ನಿಮ್ಮ ನಾಲಿಗಿಗೆ ಅಂದ್ರ ಬರಂಗಿಲ್ಲ. ನನ್ನ ಸಿಟ್ಟಿರೂದು ಇಲ್ಲೆ. ಐವತ್ತು ದಾಟಿದ ಹೆಣ್ಣಮಗಳು ತಿನ್ನೂದು ಅಂದ್ರ ಉಳದದ್ದು, ತಳಾ ಹತ್ತಿದ್ದು, ನಿನ್ನಿದು. ಒಂದು ಹೊಸಾ ರುಚಿ ಬೇಕಂದ್ರ "ಈ ವಯಸ್ಸಿನಾಗ ಇಕಿಗೇನು ಬಂತು" ಅಂತಾರ. ಅನ್ನೂವ್ರು ಗಂಡಸೂರಲ್ಲ, ನಾವ ನಾವ. ಹೋದ ತಿಂಗಳು ಒಂದು ಬಾರಸೀ ಊಟಕ್ಕ ಕೂತಾಗ, ಬೆಂಗಳೂರಿಂದ ಚೀಸ್ ತರಸ್ತೀನಿ ಅಂದಿದ್ದಕ್ಕ ಪಂಕ್ತಿಯೊಳಗ ನಕ್ಕವ್ರೆಲ್ಲಾ ಹೆಣ್ಣಮಕ್ಕಳು. ನೌಕರಿಗೆ ರಿಟೈರ್ಮೆಂಟ್ ಅದ, ನಾಲಿಗಿಗೂ ಅದ ಅಂತ ಯಾರು ಬರದಾರ? ನಾಲ್ವತ್ತು ವರ್ಷ ಎಲ್ಲಾರ ಬಾಯಿ ರುಚಿ ನೋಡಿದ ಕೈಗೆ ತನ್ನ ರುಚಿ ಹುಡಕೂ ಹಕ್ಕಿಲ್ಲೇನು?

ತರೂವ್ರು ಇಷ್ಟು ನೋಡ್ಕೋರಿ. ಒಮ್ಮಿಗೆ 100 ಗ್ರಾಂ ಸಾಕು. ಪ್ಲಾಸ್ಟಿಕ್‌ನ್ಯಾಗ ಬಿಗಿದು ಇಡಬ್ಯಾಡ್ರಿ, ಬೆವರ್ತದ. ಬೆಣ್ಣಿ ಹಾಳ್ಯಾಗ ಸುತ್ತಿ ಡಬ್ಬ್ಯಾಗ ಇಡ್ರಿ. ತಿನ್ನೂಕಿಂತ ಅರ್ಧಾ ತಾಸು ಮೊದಲು ಹೊರಗ ತಗೀರಿ, ತಂಪಿದ್ದಾಗ ರುಚಿ ಮುಚ್ಚಿಕೊಂಡಿರ್ತದ. ಉಪ್ಪು ಹೆಚ್ಚಿರ್ತದ, ಬಿ.ಪಿ. ಇದ್ದವ್ರು ಬೆರಳಿನಷ್ಟ ತಿನ್ರಿ. ಜೋಡಿಗೆ ಬಿಸ್ಕೀಟು ಬ್ಯಾಡ. ಕಟಕ ಜ್ವಾಳದ ರೊಟ್ಟಿ ಮುರದು, ಅದರ ಮ್ಯಾಲೆ ಒಂದು ತುಣುಕು ಗೌಡಾ ಇಟ್ಟು, ಬಾಜೂಕ ಶೇಂಗಾ ಚಟ್ನಿ ಇಟಗೊಂಡು ಕೂಡ್ರಿ. ಮೊದಲನೇ ತುತ್ತು ನಿಮ್ಮದು, ಯಾರಿಗೂ ಕೊಡಬ್ಯಾಡ್ರಿ.

ತಿಂದು ಸೇರಲಿಲ್ಲಂದ್ರ ಸೇರಲಿಲ್ಲ ಅನ್ರಿ, ನನ್ನ ತಕರಾರಿಲ್ಲ. ತಿನ್ನದನ ಮೂಗು ಮುರಿಯೂದು ಬಿಡ್ರಿ, ತಿನ್ನೂವಾಕಿನ್ನ ನೋಡಿ ನಗೂದಂತೂ ಮೊದಲ ಬಿಡ್ರಿ.